ಆನೆಯ ಬಾಬ್ತು

ಹಲಗೆಯ ನಡುವೆ ಗೆರೆ ಎಳೆದೆ.
ಎಡಕ್ಕೆ ಬಂದದ್ದು, ಬಲಕ್ಕೆ ಹೋದದ್ದು.
ಸಿದ್ದಾಪುರದ ಒಂಬತ್ತನೇ ತರಗತಿ, ಜನವರಿ.
ಕಿಟಕಿಯಾಚೆ ಯಾರದೋ ಕಣದಲ್ಲಿ
ಕಾಫಿ ಹಣ್ಣು ಒಣಗುವ ಹುಳಿ ವಾಸನೆ.
ಒಂದು ವಾರ ಬರೆದು ತನ್ನಿ ಅಂದೆ,
ನಾಲ್ಕಾಣೆಯನ್ನೂ ಬಿಡದೆ.
ನಾಲ್ಕಾಣೆ ಅಂದರೇನು ಸಾರ್? ಅಂದ ಸುಹೈಬ್.
ಎಲ್ಲರೂ ನಕ್ಕರು, ನಾನೂ.
ಪಾಠ ಅಷ್ಟು ಹಳೆಯದು.

ಸೋಮವಾರ ಪುಸ್ತಕಗಳು ಬಂದವು.
ದೇಚಮ್ಮನದು ಒಂದೇ ಸಾಲು:
ಹುತ್ತರಿಗೆ ತಾಯವ್ವ ಕೊಟ್ಟ ಐನೂರು, ಇನ್ನೂ ಮುರಿಸಿಲ್ಲ.
ಖರ್ಚಿನ ಕಡೆ ಹೂವಿನ ಚಿತ್ರ ಬಿಡಿಸಿದ್ದಳು.
ಸುಹೈಬನದು ಪಫ್ಸು, ಪಫ್ಸು, ರೀಚಾರ್ಜು, ಪಫ್ಸು,
ಕಟ್ಟಕಡೆಗೆ, ಉಮ್ಮಾಗೆ ಸಾಲ ವಾಪಸ್ಸು, ಹತ್ತು.
ಸೆಲ್ವಿಯ ಕೂಡಿಕೆ ತಪ್ಪಿತ್ತು.
ತಪ್ಪಿದ್ದು ಮೂರೇ ರೂಪಾಯಿ,
ಅದಕ್ಕವಳು ರಾತ್ರಿಯೆಲ್ಲ ನಿದ್ದೆಗೆಟ್ಟಂತೆ ಕಂಡಳು.

ಆಮೇಲೆ ಲೈನ್‌ಮನೆಯ ಅಮ್ಮಿಣಿ.
ದುಂಡಗಿನ ಅಕ್ಷರ, ಒಂದೂ ಹೊಡೆದುಹಾಕಿಲ್ಲ.
ಭಾನುವಾರ ಹಣ್ಣು ಕೊಯ್ದದ್ದು ನಲವತ್ತೆರಡು ಕಿಲೋ,
ಕಿಲೋಗೆ ಐದರಂತೆ ಇನ್ನೂರ ಹತ್ತು.
ಅವ್ವನ ಮಾತ್ರೆ ಅರವತ್ತು. ಪೆನ್ನು ಹತ್ತು.
ಮಂಗಳವಾರ, ಆನೆ, ನಲವತ್ತು.
ಶುಕ್ರವಾರ, ಆನೆ, ನಲವತ್ತು.

ಏನಿದು? ಅಂದೆ. ಎದ್ದು ನಿಂತಳು.
ತೋಟದ ದಾರೀಲಿ ಆನೆ ಇದೆ ಅಂತ
ರೈಟರ್ ಫೋನಿಗೆ ಮೆಸೇಜು ಬಂದರೆ
ನಡೆಯೋ ಹಾಗಿಲ್ಲ ಸಾರ್.
ಸುತ್ತು ಹಾಕಿ ಬರೋಕೆ
ಆಟೋದವರು ನಲವತ್ತು ತಗೋತಾರೆ.
ಹಾಗಾದರೆ ಆಟೋ ಅಂತ ಬರಿ.
ಆಟೋ ನನಗೆ ಬೇಡವಾಗಿತ್ತು, ಸಾರ್.

ಯಾರೂ ನಗಲಿಲ್ಲ.
ಅರ್ಧ ತರಗತಿ ಅದೇ ದಾರಿಯದು.
ಕೆಂಪು ಪೆನ್ನು ತೆಗೆದು ಪಕ್ಕಕ್ಕೆ ಬರೆದೆ:
ಅನಿರೀಕ್ಷಿತ ಖರ್ಚು.
ಹಲಗೆಗೆ ತಿರುಗಿ ಅದನ್ನೇ ದೊಡ್ಡದಾಗಿ ಬರೆದೆ,
ಜ್ವರ, ಮುರಿದ ಕೊಡೆ, ಬಂದ ನೆಂಟರು ಅಂತ
ಉದಾಹರಣೆ ಜೋಡಿಸುತ್ತಿದ್ದೆ, ಹಿಂದಿನಿಂದ ಅದೇ ದನಿ:
ಹೋದ ವಾರವೂ ಎರಡು ಸಲ ಬಂತು ಸಾರ್,
ಅದರ ಹಿಂದಿನ ವಾರವೂ.
ಹಲಸು ಹಣ್ಣಾದರೆ ವಾರಕ್ಕೆ ನಾಲ್ಕು.
ಹಾಗಿರುವಾಗ ಅನಿರೀಕ್ಷಿತ ಹೇಗೆ?

ಪುಟ ತಿರುಗಿಸಿ ತೋರಿಸಿದಳು.
ನಾನು ಹೇಳಿಕೊಡದ ಲೆಕ್ಕ:
ಜೂನಿನಿಂದ ಆನೆಗೆ ವಾರಕ್ಕೆ ನೂರ ಅರವತ್ತು ಬೇಕು.
ಆಗ ಕೊಯ್ಲು ಇರುವುದಿಲ್ಲ.
ಈಗ ಉಳಿಯುವ ಅರವತ್ತು ಮುಟ್ಟಬಾರದು.
ಮುಟ್ಟಬಾರದು, ಕೆಳಗೆ ಎರಡು ಗೆರೆ.

ಇಪ್ಪತ್ತೆರಡು ವರ್ಷದ ಗಣಿತ
ಬಾಯಲ್ಲಿಟ್ಟ ಸೀಮೆಸುಣ್ಣದ ಹಾಗಾಯಿತು.
ಕೆಂಪಿನಲ್ಲಿ ಬರೆದದ್ದನ್ನು ಕೆಂಪಿನಲ್ಲೇ ಹೊಡೆದೆ.

ರಾತ್ರಿ ಊಟವಾಗಿ ಮನೆಯ ಪುಸ್ತಕ ತೆರೆದೆ.
ಹಾಲು, ಗ್ಯಾಸು, ಮಗಳ ಹಾಸ್ಟೆಲ್ಲು,
ಎಲ್ಲ ನೇರ, ಎಲ್ಲಕ್ಕೂ ಹೆಸರಿದೆ.
ತಿಂಗಳ ಕೊನೆಗೆ ಮಾತ್ರ, ಹನ್ನೊಂದು ವರ್ಷದಿಂದ:
ಇತರೆ, ಎಂಟುನೂರು.
ಇತರೆ ಅಂದರೆ ಇರಿಟ್ಟಿ ಬಸ್ಸಿನ ಕ್ಲೀನರು
ಜೇಬಿನಲ್ಲಿ ನಾಲ್ಕು ಮಡಿಕೆ ಮಾಡಿ ತರುವ
ಕೇರಳದ ಲಾಟರಿ, ಚೀಟಿಗೆ ನಲವತ್ತು.
ಸಂಭವನೀಯತೆಯ ಪಾಠವನ್ನು ಪ್ರತಿ ವರ್ಷ
ನಾಣ್ಯ ಚಿಮ್ಮಿಸಿ ಶುರುಮಾಡುವ ಮನುಷ್ಯ ನಾನು.

ಹೊಡೆದುಹಾಕಿದೆ ಇತರೆಯನ್ನು.
ಲಾಟರಿ ಅಂತ ಬರೆಯಹೊರಟೆ,
'ಲಾ' ತನಕ ಬಂದ ಕೈ ನಿಂತುಬಿಟ್ಟಿತು.
ಅದನ್ನೂ ಹೊಡೆದು ಬರೆದೆ, ಆನೆ, ಎಂಟುನೂರು.
ಬರೆದ ಮೇಲೆ ನಾಚಿಕೆಯಾಯಿತು.
ಅವಳ ಆನೆ ದಾರಿಗೆ ಅಡ್ಡ ನಿಂತದ್ದು.
ನನ್ನದಕ್ಕೆ ಬಸ್‌ಸ್ಟ್ಯಾಂಡಿನ ತನಕ ಹೋಗಿ
ಕಾದು ನಿಲ್ಲುತ್ತೇನೆ.

ಬೆಳಿಗ್ಗೆ ಹಾಲಿನ ಲೆಕ್ಕ ಬರೆಯಲು
ಪುಸ್ತಕ ತೆಗೆದಳು ವಾರಿಜಾ.
ಕನ್ನಡಕ ಮೇಲಕ್ಕೇರಿಸಿ ಕೇಳಿದಳು,
ಇದ್ಯಾವ ಆನೆ?

ಎದ್ದು ನಿಂತೆ.